ಓದುಗರ ಪ್ರಶ್ನೆ: ಆಟದೊಳಗಿನ ಅತಿಶಯಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಆರು ಒಂದೇ ವಿಷಯಕ್ಕೆ ಸಂಬಂಧಿಸಿದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿ 1991ರಲ್ಲಿ ಹೊರಬಂದ 'ಸಿವಿಲೈಸೇಷನ್' ಎಂಬ ಕಂಪ್ಯೂಟರ್ ಆಟದಲ್ಲಿ ಆಟಗಾರರು ಒಂದೇ ಒಂದು ಊರಿನಿಂದ ಹೊರಟು ಸಾವಿರಾರು ವರ್ಷಗಳ ಕಾಲ ಒಂದು ನಾಗರಿಕತೆಯನ್ನು ಸರದಿ ಸರದಿಯಾಗಿ ನಡೆಸುತ್ತಾರೆ. ಪಿರಮಿಡ್, ಚೀನಾದ ಮಹಾಗೋಡೆ ಮುಂತಾದ ನಿರ್ಮಾಣಗಳಿಗೆ ಅಲ್ಲಿ 'ವಂಡರ್' ಎಂದು ಹೆಸರು. ಒಂದು ವಂಡರನ್ನು ಇಡೀ ಜಗತ್ತಿನಲ್ಲಿ ಒಬ್ಬರು ಮಾತ್ರ ಕಟ್ಟಬಹುದು. ಮೊದಲು ಮುಗಿಸಿದವರಿಗಷ್ಟೇ ಅದರ ಫಲ. ಮೊದಲ ಆವೃತ್ತಿಯಲ್ಲಿ 21 ವಂಡರ್‌ಗಳಿದ್ದವು. ಆಮೇಲಿನ ಆವೃತ್ತಿಗಳಲ್ಲಿ ಪಟ್ಟಿ ಬೆಳೆಯುತ್ತ ಬಂದಿದೆ, ಅಭಿಮಾನಿಗಳು ತಾವೇ ಹೊಸದನ್ನು ಸೇರಿಸುವ ಮಾರ್ಪಾಡುಗಳೂ, ಅಂದರೆ 'ಮಾಡ್'ಗಳೂ, ಬಂದಿವೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸೇರಿ 'ಅನ್‌ಸಿವ್' ಆಟಕ್ಕೆ ಒಂದು ಮಾಡ್ ಸಿದ್ಧಪಡಿಸುತ್ತಿದ್ದೇವೆ. ವಂಡರ್ ಆಗಬಲ್ಲ ಸ್ಥಳಗಳ ಪಟ್ಟಿ 43ಕ್ಕೆ ಏರಿದೆ. ಬುರ್ಜ್ ಖಲೀಫಾದಿಂದ ಹಿಡಿದು ಗೊಮ್ಮಟ, ಹಂಪಿ, ಬೇಲೂರು, ಗೋಳಗುಮ್ಮಟ, ಮೈಸೂರು ಅರಮನೆಯವರೆಗೆ ಎಲ್ಲವೂ ಇವೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? (ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಒಟ್ಟು ಎಂಟು ಸಾಕು, ಉಳಿದವನ್ನು ಬಿಟ್ಟುಬಿಡಿ. ಅನ್‌ಸಿವ್ ಎಂಬುದು ಐದನೆಯ ಸಿವಿಲೈಸೇಷನ್ ಆಟವನ್ನು ಮುಕ್ತ ತಂತ್ರಾಂಶವಾಗಿ ಮತ್ತೆ ಕಟ್ಟಿದ ರೂಪ. ಅದರಲ್ಲಿ ವಂಡರ್‌ಗಳ ದೊಡ್ಡ ಸಾಲೇ ಈಗಾಗಲೇ ಇದೆ. ಅದರ ಮೇಲೆ 43 ಹೇರಿದರೆ ಪ್ರತಿ ಆಟಗಾರನೂ ಬೇಕೆಂದಾಗ ಯಾವುದೋ ಒಂದನ್ನು ಕಟ್ಟಿ ಮುಗಿಸುತ್ತಾನೆ, ಆಗ ವಂಡರ್‌ಗೂ ಊರಿನ ಕಣಜಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಇನ್ನು ಆಯ್ಕೆಯ ಅಳತೆಗೋಲು. ಹೆಸರುವಾಸಿಯಾಗಿರುವುದೇ ಅರ್ಹತೆ ಎಂದು ಹೊರಟರೆ ಏನಾಗುತ್ತದೆ ಎಂಬುದನ್ನು 2007ರಲ್ಲಿ ನೋಡಿದ್ದೇವೆ. 'ಹೊಸ ಏಳು ಅದ್ಭುತಗಳು' ಎಂಬ ಜಾಗತಿಕ ಮತದಾನಕ್ಕಾಗಿ ನಮ್ಮಲ್ಲಿ ತಾಜ್ ಮಹಲ್ ಪರವಾಗಿ ಎಸ್‌ಎಂಎಸ್ ಕಳಿಸಿ ಎಂಬ ಅಬ್ಬರವೆದ್ದಿತ್ತು, ಯುನೆಸ್ಕೋ ಮಾತ್ರ ಆ ಸ್ಪರ್ಧೆಗೂ ತನಗೂ ಸಂಬಂಧವಿಲ್ಲ ಎಂದು ದೂರ ನಿಂತಿತ್ತು. ಗೆದ್ದ ಏಳೂ ದೊಡ್ಡ ಸ್ಥಳಗಳೇ, ಅದರಲ್ಲಿ ತಕರಾರಿಲ್ಲ. ಆದರೆ ಅವು ಏಕೆ ಕಟ್ಟಲ್ಪಟ್ಟವು, ಅಲ್ಲಿಯೇ ಏಕೆ ನಿಂತವು ಎಂಬುದನ್ನು ಮತದಾನ ಕೇಳುವುದಿಲ್ಲ. ಆಟಕ್ಕೆ ಬೇಕಾಗಿರುವುದು ಆ ಎರಡು ಪ್ರಶ್ನೆಗಳೇ.

ಆ ಏಳರಲ್ಲಿ ಒಂದಾದ ಪೆಟ್ರಾವನ್ನೇ ನೋಡಿ. ಇಂದಿನ ಜೋರ್ಡನ್‌ನಲ್ಲಿರುವ ಈ ಊರನ್ನು ನಬಟಿಯನ್ನರು ಬಂಡೆ ಕೊರೆದು ಮಾಡಿದರು. ಅದು ಬದುಕಿದ್ದು ಮಾತ್ರ ಬಂಡೆಯಿಂದಲ್ಲ, ಅಪರೂಪಕ್ಕೆ ಸುರಿಯುವ ಮಳೆಯ ನೀರನ್ನು ಒಡ್ಡು, ಕಾಲುವೆ, ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಂಡ ಜಾಣತನದಿಂದ ಮತ್ತು ಆ ನೀರನ್ನು ನಂಬಿ ಬರುತ್ತಿದ್ದ ಸುಗಂಧದ್ರವ್ಯದ ವ್ಯಾಪಾರಿ ತಂಡಗಳಿಂದ. ಐದನೆಯ ಆಟದಲ್ಲಿ ಪೆಟ್ರಾವನ್ನು ಮರುಭೂಮಿಯ ಮೇಲೆ ಅಥವಾ ಅದರ ಅಂಚಿನಲ್ಲಿರುವ ಊರಿನಲ್ಲಷ್ಟೇ ಕಟ್ಟಬಹುದು. ಕಟ್ಟಿದ ಮೇಲೆ ಆ ಊರಿನ ಮರಳಿನ ಟೈಲ್‌ಗಳು, ಅಂದರೆ ಆಟದ ನಕ್ಷೆಯ ಮನೆಗಳು, ಆಹಾರವನ್ನೂ ಉತ್ಪಾದನೆಯನ್ನೂ ಕೊಡತೊಡಗುತ್ತವೆ. ಆದ್ದರಿಂದ ಯಾರಿಗೂ ಬೇಡವಾಗಿ ಬಿದ್ದಿದ್ದ ಮರಳಿನಲ್ಲಿ ಊರು ಹೂಡುವ ಜೂಜಿಗೆ ಆಟಗಾರ ಇಳಿಯುತ್ತಾನೆ. ಆರನೆಯ ಆಟದಲ್ಲಿ ಅಂಕೋರ್ ವಾಟ್‌ಗೆ ಪಕ್ಕದಲ್ಲಿ ನೀರು ತರುವ ಮೇಲ್ಗಾಲುವೆ ಇರಲೇಬೇಕು ಎಂಬ ಷರತ್ತಿದೆ. ಸುಮಾರು 8 ಕಿಲೋಮೀಟರ್ ಉದ್ದ, 2 ಕಿಲೋಮೀಟರ್ ಅಗಲದ ಪಶ್ಚಿಮ ಬಾರಾಯ್ ಕೆರೆಯನ್ನು ಅಂಕೋರ್‌ನಲ್ಲಿ ಕಂಡವರಿಗೆ ಆ ಷರತ್ತು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ.

ಈ ಕಣ್ಣಿನಿಂದ ನೋಡಿದರೆ ನಿಮ್ಮ ಪಟ್ಟಿಯಿಂದ ಮೊದಲು ಹೊರಹೋಗಬೇಕಾದದ್ದು ಬುರ್ಜ್ ಖಲೀಫಾ. 828 ಮೀಟರ್ ಎತ್ತರ ಎಂಬುದನ್ನು ಬಿಟ್ಟರೆ ಆಟದ ನಿಯಮವಾಗಿ ಮಾರ್ಪಡಬಲ್ಲ ಸಂಗತಿ ಅದರಲ್ಲಿ ನನಗೆ ಕಾಣಲಿಲ್ಲ. ಬರೀ ಎತ್ತರ ಸಾಲದು ಎಂಬ ಮಾತನ್ನು ನಮ್ಮವನೇ ಒಬ್ಬ 12ನೆಯ ಶತಮಾನದಲ್ಲಿ ಹೇಳಿದ್ದಾನೆ. ಶ್ರವಣಬೆಳಗೊಳದ ಶಾಸನವೊಂದರಲ್ಲಿ ಬೊಪ್ಪಣ ಪಂಡಿತನು ಗೊಮ್ಮಟನನ್ನು ಹೊಗಳುತ್ತ, ಮೂರ್ತಿ ತೀರ ಎತ್ತರವಾದರೆ ಅದರಲ್ಲಿ ಚೆಲುವು ಕೂಡಿಬರದು, ಎತ್ತರವೂ ಚೆಲುವೂ ಎರಡೂ ಕೂಡಿದರೂ ಅತಿಶಯವೆಂಬುದು ಬಾರದು, ಇಲ್ಲಿ ಮಾತ್ರ ಮೂರೂ ನೆಲೆಸಿವೆ ಎನ್ನುತ್ತಾನೆ. 'ವಂಡರ್' ಎಂಬುದಕ್ಕೆ ಕನ್ನಡದಲ್ಲಿ ಯಾವ ಪದ ಬಳಸಲಿ ಎಂದು ನೀವು ಪತ್ರದ ಅಡಿಟಿಪ್ಪಣಿಯಲ್ಲಿ ಕೇಳಿದ್ದಿರಿ. 'ಅತಿಶಯ' ಎಂದೇ ಇಡಿ.

ಹಾಗಾಗಿ ಮೊದಲ ಅತಿಶಯ ಗೊಮ್ಮಟನೇ ಆಗಲಿ. ಗಂಗರ ದೊರೆ ರಾಚಮಲ್ಲನ ಮಂತ್ರಿ ಚಾವುಂಡರಾಯನು ಸುಮಾರು ಕ್ರಿ.ಶ. 981ರ ಹೊತ್ತಿಗೆ ಮಾಡಿಸಿದ, ಸುಮಾರು 57 ಅಡಿಯ ಈ ಮೂರ್ತಿಯನ್ನು ಎಲ್ಲಿಂದಲೂ ಹೊತ್ತು ತಂದಿಲ್ಲ, ಬೆಟ್ಟದ ನೆತ್ತಿಯನ್ನೇ ಕಡೆದು ನಿಲ್ಲಿಸಿದ್ದಾರೆ. ಆದ್ದರಿಂದ ಗುಡ್ಡದ ಟೈಲ್ ಕಡ್ಡಾಯವಾಗಿರಲಿ, ಹಣ ಸುರಿದು ಬೇಗ ಮುಗಿಸುವ ಸೌಲಭ್ಯ ಇದಕ್ಕೆ ಬೇಡ. 12 ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕವು ಆಟದಲ್ಲಿ 12 ಸರದಿಗೊಮ್ಮೆ ಇಡೀ ನಾಡಿಗೆ ಸಂತೋಷ ತರುವ ಹಬ್ಬವಾಗಬಹುದು. ವಂಡರ್ ಪೂರ್ಣಗೊಂಡಾಗ ತೆರೆಯ ಮೇಲೆ ಒಂದು ಉಲ್ಲೇಖ ಬರುತ್ತದಲ್ಲ, ಅದಕ್ಕಾಗಿ ನೀವು ಯಾವ ಗ್ರಂಥವನ್ನೂ ತಡಕಬೇಕಾಗಿಲ್ಲ. ಮೂರ್ತಿಯ ಪಾದದ ಬಳಿ ಕೊರೆದಿರುವ 'ಶ್ರೀ ಚಾವುಂಡರಾಜಂ ಮಾಡಿಸಿದಂ' ಎಂಬ ಮೂರೇ ಪದಗಳು ಸಾಕು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಇದರ ಗುಟ್ಟು ಕಲ್ಲಿನಲ್ಲಿದೆ: ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುವ ಬಳಪದ ಕಲ್ಲು. ಅದಕ್ಕಿಂತ ಹೆಚ್ಚಿನ ಸಂಗತಿಯೆಂದರೆ ಹೊಯ್ಸಳರ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೃತಿಗಳ ಅಡಿಯಲ್ಲಿ ಕೆತ್ತಿ ಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜನ ಹೆಸರು ನಮಗೆ ತಿಳಿದಿರುವುದು ಹಾಗೆ. ಆಟದಲ್ಲಿ ಅಪರೂಪಕ್ಕೆ ದೊರೆಯುವ ವಿಶೇಷ ವ್ಯಕ್ತಿಗಳಾದ 'ಮಹಾಕಲಾವಿದರು' ಬೇಗ ಹುಟ್ಟುವುದೇ ಈ ಅತಿಶಯದ ಫಲ ಆಗಿರಬೇಕು. ಹತ್ತಿರ ಕಲ್ಲಿನ ಸಂಪನ್ಮೂಲ ಇರಬೇಕೆಂಬ ಷರತ್ತನ್ನೂ ಹಾಕಿ.

ಹಂಪಿಯನ್ನು ಹಂಪಿ ಎಂಬ ಹೆಸರಿನಲ್ಲಿ ಸೇರಿಸಬೇಡಿ. ಅದು ಒಂದು ಕಟ್ಟಡವಲ್ಲ, ರಾಜಧಾನಿ. ಆಟದಲ್ಲಿ ಅದು ಊರಿನ ಹೆಸರಾಗಬೇಕು. ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥವನ್ನೇ ಎಲ್ಲರೂ ಆರಿಸುತ್ತಾರೆ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಆ ಗರುಡನ ಗುಡಿ ಎಷ್ಟೇ ಸುಂದರವಾಗಿದ್ದರೂ ರಾಜ್ಯದ ಬಲವನ್ನು ತೋರಿಸಬಲ್ಲದ್ದು ಮಹಾನವಮಿ ದಿಬ್ಬ ಎಂಬುದು ನನ್ನ ಅಭಿಪ್ರಾಯ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ನವರಾತ್ರಿಯ ಮೆರವಣಿಗೆ, ಆನೆ, ಕುದುರೆ, ಕುಸ್ತಿಗಳನ್ನು ಬೆರಗಿನಿಂದ ವಿವರಿಸಿದ್ದಾನೆ. ದಿಬ್ಬದ ಪಕ್ಕೆಗಳಲ್ಲಿ ಇಂದಿಗೂ ಕುದುರೆಗಳ ಸಾಲು, ಬೇಟೆ, ನರ್ತಕಿಯರ ಉಬ್ಬುಶಿಲ್ಪಗಳಿವೆ. ಸಾಮಂತರು ಬಂದು ಕಪ್ಪ ಒಪ್ಪಿಸುವ ವೇದಿಕೆ ಇದು. ಇದನ್ನು ಕಟ್ಟಿದವರಿಗೆ ನಗರ-ರಾಜ್ಯಗಳ, ಅಂದರೆ ಆಟದಲ್ಲಿರುವ ಒಂದೇ ಊರಿನ ಪುಟ್ಟ ನಾಡುಗಳ, ಮೇಲೆ ಪ್ರಭಾವ ಹೆಚ್ಚಲಿ, ಕುದುರೆ ಇದ್ದಷ್ಟೂ ಅದು ಏರಲಿ.

ಗೋಳಗುಮ್ಮಟ ನನ್ನ ಮೆಚ್ಚಿನದು, ಆದ್ದರಿಂದ ಎರಡು ಮಾತು ಹೆಚ್ಚಾದರೆ ಕ್ಷಮಿಸಬೇಕು. ಹೊರ ವ್ಯಾಸ 144 ಅಡಿಯ ಗುಮ್ಮಟವನ್ನು ಒಳಗೆ ಒಂದು ಕಂಬವೂ ಇಲ್ಲದೆ ಚೌಕಾಕಾರದ ಕೋಣೆಯ ಮೇಲೆ ಕೂರಿಸಿದ್ದಾರೆ. ಒಂದನ್ನೊಂದು ಹಾಯುವ ಎಂಟು ಕಮಾನುಗಳು ಚೌಕವನ್ನು ಮೆಲ್ಲಗೆ ವೃತ್ತಕ್ಕೆ ತಿರುಗಿಸುತ್ತವೆ. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಅದು ಏಳು ಸಲ ಮರಳಿ ಬರುತ್ತದೆ ಎಂದು ಶಾಲಾಪ್ರವಾಸಕ್ಕೆ ಹೋದ ಪ್ರತಿ ಮಗುವಿಗೂ ಹೇಳಿಕೊಡುತ್ತಾರೆ. ನಾನು ಹೋದಾಗ ನೂರು ಮಕ್ಕಳು ಒಟ್ಟಿಗೆ ಕಿರುಚುತ್ತಿದ್ದರಿಂದ ಎಣಿಸಲು ಆಗಲಿಲ್ಲ. ಆಟದ ನಿಯಮ ಇಲ್ಲಿಯೇ ಇದೆ: ಈ ಊರಿನಲ್ಲಿ ಒಬ್ಬ ಮಹಾಪುರುಷ ಕೃತಿ ರಚಿಸಿದರೆ ಆ ಸಂಸ್ಕೃತಿಯ ಅಂಕ ಮುಂದಿನ ಏಳು ಸರದಿಗಳಲ್ಲಿ ಕುಗ್ಗುತ್ತ ಕುಗ್ಗುತ್ತ ಮತ್ತೆ ಮತ್ತೆ ಬರಲಿ. ರಕ್ಷಣೆಯ ಬಲವನ್ನು ಮಾತ್ರ ಇದಕ್ಕೆ ಕೊಡಬೇಡಿ. ಮುಹಮ್ಮದ್ ಆದಿಲ್ ಶಾಹನು 1656ರಲ್ಲಿ ತೀರಿಕೊಂಡು ಇದೇ ಗುಮ್ಮಟದಡಿ ಮಣ್ಣಾದ; 1686ರಲ್ಲಿ ಬಿಜಾಪುರ ಔರಂಗಜೇಬನ ಕೈವಶವಾಯಿತು. ಸಮಾಧಿಗೆ ಸುರಿದ ಸಂಪತ್ತು ಕೋಟೆಗೆ ನೆರವಾಗಲಿಲ್ಲ ಎಂಬುದನ್ನು ಆಟಗಾರನೂ ಅನುಭವಿಸಲಿ.

ಮೈಸೂರು ಅರಮನೆ ಬೇಡ. ಅರಮನೆ ಎಂಬ ಕಟ್ಟಡ ಪ್ರತಿ ರಾಜಧಾನಿಗೂ ಆಟದಲ್ಲಿ ಮೊದಲೇ ಇದೆ. ಮೈಸೂರು ಸಂಸ್ಥಾನದಿಂದ ಏನಾದರೂ ಬೇಕೆಂದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಶಿವನಸಮುದ್ರವನ್ನು ತೆಗೆದುಕೊಳ್ಳಿ. 1902ರಲ್ಲಿ ಕಾವೇರಿಯ ಆ ಜಲಪಾತದ ಬಳಿ ಹುಟ್ಟಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಸಾಗಿಸಿದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ನದಿಯ ಬದಿಯ ಊರಿನಲ್ಲಿ ಕಟ್ಟಬೇಕು, ಫಲ ಮಾತ್ರ ಚಿನ್ನದ ಗಣಿಯಿರುವ ಮತ್ತೊಂದು ದೂರದ ಊರಿಗೆ ಸಿಗಬೇಕು ಎಂಬ ನಿಯಮವಿರುವ ವಂಡರನ್ನು ನಾನು ಇದುವರೆಗೆ ಆಡಿಲ್ಲ.

ಉಳಿದ ಮೂರು ಸ್ಥಾನ ಹೊರಗಿನವಕ್ಕೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸವೂ ಇಥಿಯೋಪಿಯಾದ ಲಾಲಿಬೆಲದ ಇಗರ್ಜಿಗಳೂ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆದು ಮಾಡಿದವು. ಎರಡಕ್ಕೂ ನಿಯಮ ಒಂದೇ ಆಗುವುದರಿಂದ ಒಂದನ್ನೇ ಇಡಿ, ನಾನಾದರೆ ಕೈಲಾಸವನ್ನು ಇಡುತ್ತೇನೆ. ಫಿಲಿಪೀನ್ಸಿನ ಬೆಟ್ಟಗಳ ಇಳಿಜಾರಿನಲ್ಲಿ ಇಫುಗಾವೊ ಜನ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಭತ್ತದ ಗದ್ದೆಗಳು ಗುಡ್ಡದ ಟೈಲ್‌ಗಳಿಗೆ ಆಹಾರ ಕೊಡಲಿ. 1932ರಲ್ಲಿ ನೆದರ್ಲ್ಯಾಂಡ್ಸ್ ಕಟ್ಟಿ ಮುಗಿಸಿದ 32 ಕಿಲೋಮೀಟರ್ ಉದ್ದದ ಆಫ್ಸ್‌ಲೌಟ್‌ಡೈಕ್ ಒಡ್ಡು ಸಮುದ್ರದ ಒಂದು ಕೊಲ್ಲಿಯನ್ನು ಸಿಹಿನೀರಿನ ಸರೋವರವಾಗಿಸಿತು. ಕರಾವಳಿಯ ಟೈಲ್‌ಗಳನ್ನು ಸರೋವರವಾಗಿಸುವ ವಂಡರ್ ಅಂದರೆ ಆಡುವವರಿಗೆ ಹಬ್ಬ.

ಪ್ರಶ್ನೆ: ನಾವು ಸೇರಿಸಿದ ಒಂದು ವಂಡರನ್ನು ಪ್ರತಿ ಆಟದಲ್ಲೂ ಎಲ್ಲರೂ ಮೊದಲು ಕಟ್ಟುತ್ತಾರೆ. ಅದರ ಬೆಲೆಯನ್ನು ಎಷ್ಟಕ್ಕೆ ಏರಿಸಬೇಕು? (ಓದುಗರು, ಶಿವಮೊಗ್ಗ)

ಉತ್ತರ: ಬೆಲೆ ಏರಿಸುವ ಮೊದಲು, ಅದನ್ನು ಕಟ್ಟುವವರು ಏನನ್ನು ಕಳೆದುಕೊಳ್ಳುತ್ತಿದ್ದಾರೆ ಎಂದು ಲೆಕ್ಕ ಹಾಕಿ. ಐದನೆಯ ಆಟದಲ್ಲಿ ಅಲೆಕ್ಸಾಂಡ್ರಿಯಾದ ಮಹಾಗ್ರಂಥಾಲಯಕ್ಕೆ 185 ಉತ್ಪಾದನಾಂಕ (ಊರು ಪ್ರತಿ ಸರದಿಯಲ್ಲಿ ದುಡಿದು ಕೂಡಿಸುವ ಅಂಕ) ಬೇಕು, ಹೊಸ ಊರು ಹೂಡುವ ವಲಸಿಗರ ತಂಡಕ್ಕೆ 106, ಯೋಧರ ತುಕಡಿಗೆ 40. ಆರಂಭದಲ್ಲಿ ಸರದಿಗೆ 9 ಅಂಕ ದುಡಿಯುವ ರಾಜಧಾನಿಯು 21 ಸರದಿಗಳನ್ನು ಪುಸ್ತಕಕ್ಕೆ ಮೀಸಲಿಟ್ಟರೆ ಅಷ್ಟು ದಿನ ಗಡಿ ಬರಿದಾಗಿರುತ್ತದೆ. ಒಂದೇ ಒಂದು ಸರದಿ ಬಾಕಿಯಿದ್ದಾಗ ಗ್ರಂಥಾಲಯವನ್ನು ಬೇರೆಯವರು ಮುಗಿಸಿದ ಸುದ್ದಿಯನ್ನು ನಾನು ಎಷ್ಟು ಸಲ ಓದಿದ್ದೇನೋ. ಕೂಡಿಟ್ಟ ಉತ್ಪಾದನೆಗೆ ಬದಲಾಗಿ ಒಂದಿಷ್ಟು ಚಿನ್ನ ಸಿಗುತ್ತದೆ, ಹೋದ ಸರದಿಗಳು ಸಿಗುವುದಿಲ್ಲ. ಆ ಭಯ ನಿಮ್ಮ ವಂಡರ್‌ನಲ್ಲಿ ಇಲ್ಲವೆಂದರೆ ತಪ್ಪು ಬೆಲೆಯದಲ್ಲ, ಷರತ್ತಿನದು. ಅದು ಎಲ್ಲ ನೆಲದಲ್ಲೂ, ಎಲ್ಲ ಬಗೆಯ ಆಟಕ್ಕೂ ಒದಗುತ್ತಿದೆ. ನದಿ, ಗುಡ್ಡ, ಕಾಡು ಎಂದು ಒಂದು ನೆಲದ ಷರತ್ತು ಹಾಕಿ ನೋಡಿ. ಅದೂ ಸಾಲದಿದ್ದರೆ ಮೊದಲ ಆಟದ ಹಳೆಯ ಉಪಾಯವಿದೆ: ಅಲ್ಲಿ ಚೀನಾದ ಮಹಾಗೋಡೆ ಮದ್ದುಗುಂಡಿನ ತಂತ್ರಜ್ಞಾನ ಬಂದೊಡನೆ ನಿಷ್ಪ್ರಯೋಜಕವಾಗುತ್ತಿತ್ತು.

ಪ್ರಶ್ನೆ: ಜೋಗ ಜಲಪಾತವನ್ನು ವಂಡರ್ ಆಗಿ ಕಟ್ಟಬಹುದೇ? (ಓದುಗರು, ಸಾಗರ)

ಉತ್ತರ: ಕಟ್ಟಲು ಬಾರದು, ಕಂಡುಹಿಡಿಯಬಹುದು. 2010ರ ಐದನೆಯ ಆಟದಿಂದ ಫ್ಯೂಜಿ ಪರ್ವತ, ಮಹಾಹವಳದಿಬ್ಬ ಮುಂತಾದವು 'ನೈಸರ್ಗಿಕ ವಂಡರ್'ಗಳಾಗಿ ನಕ್ಷೆಯ ಮೇಲೆ ಮೊದಲೇ ಇರುತ್ತವೆ, ಆಟಗಾರರು ಅಲೆದು ಹುಡುಕಬೇಕು. 253 ಮೀಟರ್ ಧುಮುಕುವ ಜೋಗ ಆ ಸಾಲಿಗೆ ಸೇರಲು ಪೂರ್ತಿ ಯೋಗ್ಯ. ಆದರೆ ನಿಮ್ಮ ಊರಿನವರಿಗೆ ನಾನು ಹೇಳಬೇಕಿಲ್ಲ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈತುಂಬಿ ಬೀಳುವುದು ಮಳೆಗಾಲದ ಕೆಲವೇ ದಿನಗಳಲ್ಲಿ. ಹೊಳೆಯ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿದರೆ ಉತ್ಪಾದನೆ ಹೆಚ್ಚಿ ಜಲಪಾತದ ಸೊಬಗಿನ ಅಂಕ ಇಳಿಯುವಂತೆ ಮಾಡಿದರೆ ಆಟಗಾರನ ಕೈ ಒಂದು ಕ್ಷಣ ತಡೆಯುತ್ತದೆ.

ಪ್ರಶ್ನೆ: ನನ್ನ ಮಗ ಆಟದಲ್ಲಿ ಪಾಟಲಿಪುತ್ರದಲ್ಲಿ ಪಿರಮಿಡ್ ಕಟ್ಟಿ ಹೆಮ್ಮೆಯಿಂದ ತೋರಿಸಿದ. ಮಕ್ಕಳು ಇದನ್ನೇ ಇತಿಹಾಸವೆಂದು ತಿಳಿಯುವುದಿಲ್ಲವೇ? (ಶಾಲಾ ಶಿಕ್ಷಕಿ, ತುಮಕೂರು)

ಉತ್ತರ: ಪಿರಮಿಡ್ ಈಜಿಪ್ಟಿನದು ಎಂಬುದು ನಿಮ್ಮ ಮಗನಿಗೆ ಖಂಡಿತ ಗೊತ್ತು, ಅದನ್ನು ಪಾಟಲಿಪುತ್ರಕ್ಕೆ ತಂದದ್ದೇ ಅವನ ಹೆಮ್ಮೆ. ಜಾಗ ಬದಲಾಗುವುದಕ್ಕಿಂತ ಫಲ ಬದಲಾಗುವುದು ಹೆಚ್ಚು ದಾರಿ ತಪ್ಪಿಸುತ್ತದೆ. 1991ರ ಆಟದಲ್ಲಿ ಪಿರಮಿಡ್ ಕಟ್ಟಿದವರಿಗೆ ಬೇಕಾದ ಸರ್ಕಾರ ಪದ್ಧತಿಯನ್ನು ಆರಿಸಿಕೊಳ್ಳುವ ಅಧಿಕಾರ ಸಿಗುತ್ತಿತ್ತು. ಫೇರೋಗಳ ಸಮಾಧಿಗೂ ಸರ್ಕಾರ ಬದಲಾಯಿಸುವುದಕ್ಕೂ ಏನು ನಂಟು ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಐದನೆಯ ಆಟದಲ್ಲಿ ಅದನ್ನು ತಿದ್ದಿ, ಪಿರಮಿಡ್ ಕಟ್ಟಿದವರಿಗೆ ಇಬ್ಬರು ಕೆಲಸಗಾರರು ದೊರೆತು ಕಾಮಗಾರಿಗಳು ಬೇಗ ಮುಗಿಯುವಂತೆ ಮಾಡಿದರು. ಗೀಜಾದ ಪಿರಮಿಡ್‌ಗಳ ಬಳಿ ಕೆಲಸಗಾರರ ವಸತಿಯೂ ಅವರಿಗೆ ರೊಟ್ಟಿ ಬೇಯಿಸುತ್ತಿದ್ದ ಭಟ್ಟಿಗಳೂ ಉತ್ಖನನದಲ್ಲಿ ಸಿಕ್ಕಿವೆ. ಸಾವಿರಾರು ಜನರನ್ನು ಒಂದೆಡೆ ಸೇರಿಸಿ, ಉಣಿಸಿ, ದುಡಿಸುವ ವ್ಯವಸ್ಥೆಯೇ ಅಲ್ಲಿನ ನಿಜವಾದ ಸಾಧನೆ. ಮಗನಿಗೆ ಆ ರೊಟ್ಟಿ ಭಟ್ಟಿಯ ಚಿತ್ರ ತೋರಿಸಿ, ಆ ಇಬ್ಬರು ಕೆಲಸಗಾರರು ಎಲ್ಲಿಂದ ಬಂದರು ಎಂದು ಕೇಳಿ ನೋಡಿ.

ಪ್ರಶ್ನೆ: ಇಂದಿಗೂ ಪೂಜೆ ನಡೆಯುವ ಸ್ಥಳಗಳನ್ನು ಆಟಕ್ಕೆ ತರುವುದು ಸರಿಯೇ? ಶತ್ರುಗಳು ಅದನ್ನು ವಶಪಡಿಸಿಕೊಂಡರೆ ನೋಡಲು ಕಷ್ಟವಾಗುವುದಿಲ್ಲವೇ? (ಓದುಗರು, ಹಾಸನ)

ಉತ್ತರ: ಆರನೆಯ ಆಟದಲ್ಲಿ ಬೋಧಗಯೆಯ ಮಹಾಬೋಧಿಯೂ ಮದುರೆಯ ಮೀನಾಕ್ಷಿ ದೇವಾಲಯವೂ ಇವೆ, ಮೀನಾಕ್ಷಿಯಿಂದ ಗುರುಗಳು ದೊರೆಯುತ್ತಾರೆಯೇ ಹೊರತು ಸೈನಿಕರಲ್ಲ. ಆ ಎಚ್ಚರವನ್ನು ನೀವೂ ಉಳಿಸಿಕೊಳ್ಳಬೇಕು. ಅಹಿಂಸೆಯ ಮೂರ್ತಿಯಾದ ಗೊಮ್ಮಟನಿಂದ ಕತ್ತಿಯ ಬಲ ಹೆಚ್ಚುವ ನಿಯಮವನ್ನು ಯಾರಾದರೂ ಬರೆದರೆ ಅದು ಅಪಚಾರ ಮಾತ್ರವಲ್ಲ, ದಡ್ಡತನವೂ ಹೌದು. ಕೇಳಿ ಮುಂದುವರಿಯುವುದು ಇನ್ನೂ ಒಳ್ಳೆಯದು. ಐದನೆಯ ಆಟಕ್ಕೆ ಅಮೆರಿಕದ ಪ್ಯೂಬ್ಲೊ ಮೂಲನಿವಾಸಿಗಳನ್ನು ಸೇರಿಸಲು ಹೊರಟಾಗ ಅವರ ಮುಖಂಡರು ಒಪ್ಪಲಿಲ್ಲ. ತಯಾರಕರು ಆ ಯೋಜನೆಯನ್ನೇ ಕೈಬಿಟ್ಟು 2013ರ ವಿಸ್ತರಣೆಯಲ್ಲಿ ಶೊಶೋನಿ ಜನರನ್ನು ತಂದರು. ಊರು ಕೈಬದಲಾದರೂ ಗುಡಿ ಹಾಳಾಗದೆ ನಿಲ್ಲುವುದು ಐದನೆಯ ಆಟದ ನಿಯಮ. ಊರನ್ನೇ ಸುಟ್ಟುಹಾಕಿದರೆ ಮಾತ್ರ ವಂಡರ್ ಹೋಗುತ್ತದೆ.

ಪ್ರಶ್ನೆ: ವಿಧಾನಸೌಧ? (ಓದುಗರು, ಬೆಂಗಳೂರು)

ಉತ್ತರ: ವಿಶ್ವದ ವಂಡರ್ ಆಗಿ ಬೇಡ, 'ರಾಷ್ಟ್ರೀಯ ವಂಡರ್' ಆಗಿ ಇಡಬಹುದು, ಅಂಥವನ್ನು ಪ್ರತಿ ನಾಡೂ ತನಗೊಂದರಂತೆ ಕಟ್ಟಿಕೊಳ್ಳುತ್ತದೆ, ಪೈಪೋಟಿ ಇರುವುದಿಲ್ಲ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದು 1956ರಲ್ಲಿ ಪೂರ್ಣಗೊಂಡ ಆ ಕಟ್ಟಡದಿಂದ ಆಡಳಿತದ ಖರ್ಚು ಇಳಿಯಬೇಕೋ ಏರಬೇಕೋ ಎಂಬುದನ್ನು ಬೆಂಗಳೂರಿನವರಾದ ನೀವೇ ತೀರ್ಮಾನಿಸಿ. ಉಲ್ಲೇಖದ ಸಾಲಂತೂ ಬಾಗಿಲ ಮೇಲೆಯೇ ಇದೆ: 'ಸರ್ಕಾರದ ಕೆಲಸ ದೇವರ ಕೆಲಸ'.